ಬೆಂಕಿಯ ನಂಜು: ಸುಟ್ಟಗಾಯ ಮತ್ತು ದೇಹದ ರೋಗನಿರೋಧಕ ಶಕ್ತಿಯ ಕುಸಿತವನ್ನು ಕುರಿತ ತಿಳಿವಳಿಕೆಯ ಚರಿತ್ರೆ

ಕನ್ನಡದಲ್ಲಿ 'ನಂಜು' ಎಂಬ ಪದ ಎರಡು ಅರ್ಥಗಳನ್ನು ಹೊತ್ತು ನಡೆಯುತ್ತದೆ. ಹಾವು ಕಚ್ಚಿದಾಗ ಮೈಗೇರುವುದು ನಂಜು; ಗಾಯ ಕೀವುಗಟ್ಟಿ ಜ್ವರ ಬಂದಾಗ 'ನಂಜಾಗಿದೆ' ಎನ್ನುವಲ್ಲಿಯೂ ಅದೇ ಪದ. ಮೊದಲನೆಯದು ವಿಷ, ಎರಡನೆಯದು ಇಂದಿನ ವೈದ್ಯಕೀಯ ಪರಿಭಾಷೆಯಲ್ಲಿ ಸೋಂಕು. ಸುಟ್ಟಗಾಯಗಳ ವೈದ್ಯಕೀಯ ಚರಿತ್ರೆಯನ್ನು ಓದುವವರಿಗೆ ಈ ಪದದ ಇಬ್ಬಂದಿತನ ಆಕಸ್ಮಿಕವಲ್ಲವೆಂದು ತೋರದೆ ಇರದು. ಏಕೆಂದರೆ ಯುರೋಪು ಮತ್ತು ಅಮೆರಿಕಗಳ ವೈದ್ಯರು ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಚರ್ಚಿಸಿದ ಪ್ರಶ್ನೆಯೂ ಇದೇ ಆಗಿತ್ತು: ಬೆಂಕಿಯಿಂದ ಸುಟ್ಟ ಮನುಷ್ಯ ದಿನಗಳು ಕಳೆದ ಮೇಲೆ ಸಾಯುವುದು ಸುಟ್ಟ ಚರ್ಮದಲ್ಲಿ ಹುಟ್ಟಿದ ವಿಷದಿಂದಲೋ, ಹೊರಗಿನಿಂದ ಬಂದ ರೋಗಾಣುಗಳಿಂದಲೋ? 1960ರ ದಶಕದಿಂದ ಈಚೆಗೆ ಸ್ಪಷ್ಟವಾಗುತ್ತ ಬಂದ ಉತ್ತರ ಇವೆರಡಕ್ಕಿಂತ ಭಿನ್ನವಾದುದು. ತೀವ್ರವಾಗಿ ಸುಟ್ಟ ದೇಹದಲ್ಲಿ ರೋಗಾಣುವನ್ನು ಎದುರಿಸುವ ವ್ಯವಸ್ಥೆಯೇ ಕುಸಿಯುತ್ತದೆ. ಆದುದರಿಂದ ಎರಡನೆಯ ಮೂರನೆಯ ವಾರದ ಸಾವು ಬೆಂಕಿಗೆ ಹೊರತಾದ ಮತ್ತೊಂದು ಕಾಯಿಲೆಯಲ್ಲ, ಆ ಬೆಂಕಿಯದೇ ಮುಂದುವರಿದ ಕೆಲಸ. ಈ ತಿಳಿವಳಿಕೆ ಬೆಳೆದು ಬಂದ ದಾರಿಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ 'ತೀವ್ರ ಸುಟ್ಟಗಾಯ' ಎಂಬುದನ್ನು ವಯಸ್ಕರಲ್ಲಿ ಮೈಯ ಹೊರಮೈಯ ಶೇ. 20ಕ್ಕಿಂತ ಹೆಚ್ಚು ಭಾಗ ಆಳವಾಗಿ ಸುಟ್ಟ ಸ್ಥಿತಿ ಎಂಬ ಸಾಮಾನ್ಯ ಅರ್ಥದಲ್ಲಿ ಬಳಸಲಾಗಿದೆ. ಅಡುಗೆಮನೆಯಲ್ಲಿ ಬೆರಳು ಸುಟ್ಟುಕೊಂಡವರಿಗೆ ಈ ಚರ್ಚೆ ಅನ್ವಯಿಸುವುದಿಲ್ಲ. ಸುಟ್ಟಗಾಯದ ವಾರ್ಡಿನ ಹೊರಗೆ ಕಾಯುವ ಬಂಧುಗಳ ಅನುಭವ ಮಾತ್ರ ಈ ಚರ್ಚೆಗೆ ನೇರವಾಗಿ ಸಂಬಂಧಿಸಿದೆ. ಮೊದಲ ದಿನಗಳಲ್ಲಿ ರೋಗಿ ಎಚ್ಚರವಾಗಿರುತ್ತಾರೆ, ಮಾತನಾಡುತ್ತಾರೆ, ಎಷ್ಟೋ ವೇಳೆ ಗಂಜಿ ಕುಡಿಯುತ್ತಾರೆ. ಮನೆಯವರು 'ಗಂಡಾಂತರ ಕಳೆಯಿತು' ಎಂದುಕೊಳ್ಳುತ್ತಾರೆ. ಆಮೇಲೆ ಒಂದು ದಿನ ಜ್ವರ ಏರುತ್ತದೆ ಅಥವಾ ಮೈ ತಣ್ಣಗಾಗುತ್ತದೆ, ಮಾತು ತೊದಲುತ್ತದೆ. ವೈದ್ಯರು ಸೆಪ್ಟಿಸೀಮಿಯಾ ಎನ್ನುತ್ತಾರೆ. ಗುಣವಾಗುತ್ತಿದ್ದವರು ಏಕೆ ಹೋದರು ಎಂಬ ಪ್ರಶ್ನೆಗೆ ಆ ಒಂದು ಪದದಿಂದ ಸಮಾಧಾನ ದೊರೆಯುವುದಿಲ್ಲ.

ವಿಷದ ಕಲ್ಪನೆ

ಸುಟ್ಟಗಾಯಗಳನ್ನು ಅವುಗಳ ಆಳಕ್ಕೆ ಅನುಗುಣವಾಗಿ ವಿಂಗಡಿಸುವ ಕ್ರಮ ಬಹಳ ಹಳೆಯದು. ಸುಶ್ರುತಸಂಹಿತೆಯ ಸೂತ್ರಸ್ಥಾನದ 12ನೆಯ ಅಧ್ಯಾಯದಲ್ಲಿ ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂಬ ನಾಲ್ಕು ಬಗೆಗಳನ್ನು ಹೇಳಲಾಗಿದೆ. ಅತಿದಗ್ಧದಲ್ಲಿ ಮಾಂಸವು ಜೋತುಬೀಳುವುದು, ಜ್ವರ, ಬಾಯಾರಿಕೆ, ಮೂರ್ಛೆ ಇವು ಕಾಣುವುವೆಂದೂ ಆ ಗಾಯವು ಬಹುಕಾಲದ ಮೇಲೆ ಮಾಯುವುದೆಂದೂ ಅಲ್ಲಿ ದಾಖಲಾಗಿದೆ. ಗಾಯವು ಚರ್ಮದಲ್ಲಿದ್ದರೂ ತೊಂದರೆ ಇಡೀ ದೇಹದ್ದು ಎಂಬ ಗ್ರಹಿಕೆ ಇದರಲ್ಲಿದೆ. ಇಷ್ಟನ್ನು ಹಿಡಿದು ರೋಗನಿರೋಧ ವಿಜ್ಞಾನವೇ ಸುಶ್ರುತನಲ್ಲಿತ್ತು ಎನ್ನುವ ಉತ್ಸಾಹವನ್ನು ಈ ಲೇಖಕ ಒಪ್ಪುವುದಿಲ್ಲ. ಕಣ್ಣಿಗೆ ಕಂಡುದನ್ನು ಆತ ನಿಷ್ಠೆಯಿಂದ ಬರೆದಿದ್ದಾನೆ, ಅದೇ ಅವನ ಹಿರಿಮೆ. ಯುರೋಪಿನಲ್ಲಿ ಫ್ಯಾಬ್ರಿಸಿಯಸ್ ಹಿಲ್ಡಾನಸ್ 1607ರಲ್ಲಿ ಬಾಸೆಲ್‌ನಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸುಟ್ಟಗಾಯಗಳನ್ನು ಮೂರು ದರ್ಜೆಗಳಾಗಿಯೂ, ಪ್ಯಾರಿಸ್ಸಿನ ಶಸ್ತ್ರವೈದ್ಯ ಡ್ಯುಪ್ಯುಟ್ರನ್ 1832ರಲ್ಲಿ ಆರು ದರ್ಜೆಗಳಾಗಿಯೂ ವಿಂಗಡಿಸಿದರು. 1842ರಲ್ಲಿ ಲಂಡನ್ನಿನ ಕರ್ಲಿಂಗ್ ಎಂಬ ವೈದ್ಯ, ಮೈ ಸುಟ್ಟು ಸತ್ತವರ ಸಣ್ಣಕರುಳಿನ ಮೊದಲ ಭಾಗದಲ್ಲಿ ಹುಣ್ಣುಗಳಾಗಿರುವುದನ್ನು ವರದಿ ಮಾಡಿದ. ಎದೆಯ ಮೇಲಿನ ಚರ್ಮ ಸುಟ್ಟರೆ ಕರುಳಿನಲ್ಲಿ ಹುಣ್ಣೇಕೆ? ಚರ್ಮದಿಂದ ಏನೋ ಒಂದು ರಕ್ತದ ಮೂಲಕ ಒಳಕ್ಕೆ ಸಾಗುತ್ತಿರಬೇಕೆಂಬ ಊಹೆಗೆ ಇಂತಹ ಸಂಗತಿಗಳು ಇಂಬು ಕೊಟ್ಟವು.

ಈ ಹಂತದಲ್ಲಿ ಇತಿಹಾಸಕಾರರು ಹೆಚ್ಚು ಹೊತ್ತು ನಿಲ್ಲಬೇಕಾದುದು 1897ರಲ್ಲಿ ಪ್ರಕಟವಾದ ಒಂದು ಪ್ರಬಂಧದ ಬಳಿ. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿದ್ದ ಚಾರ್ಲ್ಸ್ ರಸೆಲ್ ಬಾರ್ಡೀನ್, ಮೈಯ ಬಹುಭಾಗ ಸುಟ್ಟು ಸತ್ತವರ ಒಳ ಅಂಗಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿದ. ಹೆಚ್ಚು ಎದ್ದು ಕಂಡ ಬದಲಾವಣೆ ದುಗ್ಧಗ್ರಂಥಿಗಳಲ್ಲಿತ್ತು. ಆ ಗ್ರಂಥಿಗಳು ಊದಿಕೊಂಡಿದ್ದವು. ಅವುಗಳ ಜೀವಕೋಶಗಳು ಒಡೆದು ಸತ್ತಿದ್ದವು. ಗುಲ್ಮದಲ್ಲಿಯೂ ಅಂತಹುದೇ ಬದಲಾವಣೆ. ಬಾರ್ಡೀನ್ ಇದನ್ನು ರಕ್ತದಲ್ಲಿ ಸಂಚರಿಸುವ ಯಾವುದೋ ವಿಷದ ಪರಿಣಾಮವೆಂದು ವ್ಯಾಖ್ಯಾನಿಸಿದ. ಅವನನ್ನು ದೂರುವಂತಿಲ್ಲ. ದುಗ್ಧಗ್ರಂಥಿಯಲ್ಲಿ ಕಿಕ್ಕಿರಿದಿರುವ ಆ ಸಣ್ಣ ಕಣಗಳು ಏನು ಮಾಡುತ್ತವೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಲಿಂಫೋಸೈಟ್ ಎಂಬ ಆ ಕಣವೇ ರೋಗನಿರೋಧದ ಮುಖ್ಯ ಪಾತ್ರಧಾರಿಯೆಂದು ಆಕ್ಸ್‌ಫರ್ಡಿನ ಜೇಮ್ಸ್ ಗೋವನ್ಸ್ ಮೊದಲಾದವರ ಪ್ರಯೋಗಗಳಿಂದ ತಿಳಿದುಬಂದದ್ದು 1960ರ ಆಸುಪಾಸಿನಲ್ಲಿ. ಅಂದರೆ ಸುಟ್ಟ ದೇಹದಲ್ಲಿ ರೋಗನಿರೋಧಕ ವ್ಯವಸ್ಥೆ ಸಾಯುತ್ತಿರುವುದನ್ನು ಬಾರ್ಡೀನ್ ಕಣ್ಣಾರೆ ಕಂಡಿದ್ದ. ಅದು ಯಾವುದರ ಸಾವು ಎಂದು ಹೇಳಲು ಬೇಕಾದ ಭಾಷೆ ಅವನಿಗಿನ್ನೂ ಅರವತ್ತು ವರ್ಷ ದೂರದಲ್ಲಿತ್ತು.

ವಿಷದ ಕಲ್ಪನೆ ಬರಿಯ ವಾದವಾಗಿ ಉಳಿಯದೆ ಚಿಕಿತ್ಸೆಯಾಗಿಯೂ ಪರಿಣಮಿಸಿತು. 1925ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಎಡ್ವರ್ಡ್ ಡೇವಿಡ್‌ಸನ್ ಟ್ಯಾನಿಕ್ ಆಮ್ಲವನ್ನು ಸುಟ್ಟಗಾಯದ ಮೇಲೆ ಸಿಂಪಡಿಸುವ ಕ್ರಮವನ್ನು ಪ್ರಚುರಪಡಿಸಿದ. ಚರ್ಮ ಹದಮಾಡುವವರು ತೊಗಟೆಯ ರಸದಲ್ಲಿ ಬಳಸುವುದೂ ಇದೇ ಒಗರು ವಸ್ತು. ಸುಟ್ಟ ಚರ್ಮವನ್ನು ಹೀಗೆ ಹದಗಟ್ಟಿಸಿದರೆ ಅದರೊಳಗಿನ ವಿಷ ಹೊರಹೊರಡದು ಎಂಬುದು ತರ್ಕ. ಹದಿನೈದು ವರ್ಷಗಳಷ್ಟು ಕಾಲ ಈ ಚಿಕಿತ್ಸೆ ಎರಡೂ ಖಂಡಗಳಲ್ಲಿ ನಡೆಯಿತು. ಗಟ್ಟಿಯಾದ ಆ ಪದರದ ಕೆಳಗೆ ಕೀವು ಕಟ್ಟುತ್ತಿದ್ದುದೂ ಟ್ಯಾನಿಕ್ ಆಮ್ಲವೇ ಯಕೃತ್ತಿಗೆ ಹಾನಿಮಾಡುತ್ತಿದ್ದುದೂ ತಿಳಿದ ಮೇಲೆ 1940ರ ದಶಕದಲ್ಲಿ ಅದು ಹಿಂದೆ ಸರಿಯಿತು.

ಸಾವು ಮುಂದಕ್ಕೆ ಸರಿದದ್ದು

1921ರ ನವೆಂಬರ್‌ನಲ್ಲಿ ಅಮೆರಿಕದ ನ್ಯೂ ಹೇವನ್ ನಗರದ ರಿಯಾಲ್ಟೊ ಚಿತ್ರಮಂದಿರಕ್ಕೆ ಬೆಂಕಿ ಬಿತ್ತು. ಅಲ್ಲಿ ಸುಟ್ಟವರನ್ನು ಅಧ್ಯಯನ ಮಾಡಿದ ಯೇಲ್ ವಿಶ್ವವಿದ್ಯಾಲಯದ ಫ್ರಾಂಕ್ ಅಂಡರ್‌ಹಿಲ್, ಬೊಬ್ಬೆಗಳಲ್ಲಿ ತುಂಬಿಕೊಂಡ ನೀರು ರಕ್ತದ್ರವವನ್ನೇ ಹೋಲುತ್ತದೆಂದು ತೋರಿಸಿದ. ಮೊದಲ ಎರಡು ದಿನಗಳ ಸಾವಿಗೆ ಕಾರಣ ವಿಷವಲ್ಲ, ರಕ್ತನಾಳಗಳಿಂದ ನೀರು ಮತ್ತು ಉಪ್ಪು ಸೋರಿಹೋಗುವುದು ಎಂಬುದು ಅವನ ನಿರ್ಣಯ. 1942ರ ನವೆಂಬರ್ 28ರಂದು ಬಾಸ್ಟನ್ ನಗರದ ಕೋಕೊನಟ್ ಗ್ರೋವ್ ಎಂಬ ರಾತ್ರಿ ಮನರಂಜನಾಗೃಹ ಉರಿದು 492 ಮಂದಿ ಸತ್ತರು. ಆಗ ದೊರೆತ ಅನುಭವವೂ ಸೇರಿ, ದೇಹಕ್ಕೆ ದ್ರವ ಪೂರೈಸುವ ಲೆಕ್ಕಾಚಾರಗಳು 1947ರಿಂದ 1968ರವರೆಗೆ ಒಂದಾದಮೇಲೊಂದು ರೂಪುಗೊಂಡವು. ಇಂದು ಎಲ್ಲ ಕಡೆ ಬಳಕೆಯಲ್ಲಿರುವ ಪಾರ್ಕ್‌ಲ್ಯಾಂಡ್ ಸೂತ್ರ ಈ ಪರಂಪರೆಯ ಕೊನೆಯ ಕೊಂಡಿ.

ಪರಿಣಾಮವಾಗಿ ಮೊದಲ ಎರಡು ದಿನಗಳನ್ನು ದಾಟುವವರ ಸಂಖ್ಯೆ ಏರಿತು. ಆದರೆ ದಾಟಿದವರಲ್ಲಿ ಅನೇಕರು ಎರಡನೆಯ, ಮೂರನೆಯ ವಾರದಲ್ಲಿ ಸಾಯತೊಡಗಿದರು. ಸಾವು ಇಲ್ಲವಾಗಲಿಲ್ಲ, ಮುಂದಕ್ಕೆ ಸರಿಯಿತು. ಹಿಂದೆ ಆಘಾತದ ಮರೆಯಲ್ಲಿ ಕಾಣದೆ ಇದ್ದ ರೋಗವೊಂದು ಈಗ ಕಾಣಲು ಅವಕಾಶವಾಯಿತು ಎನ್ನುವುದು ಹೆಚ್ಚು ಸರಿ.

ಈ ಹೊಸ ಸಾವಿನ ಮೊದಲ ಶತ್ರುವೆಂದು ಗುರುತಿಸಲ್ಪಟ್ಟದ್ದು ಸ್ಟ್ರೆಪ್ಟೊಕಾಕಸ್. ಬಾಣಂತಿ ಜ್ವರದಲ್ಲಿ ಸಲ್ಫಾ ಔಷಧದ ಉಪಯೋಗವನ್ನು ತೋರಿಸಿದ್ದ ಲಿಯೊನಾರ್ಡ್ ಕೋಲ್‌ಬ್ರುಕ್, ಎರಡನೆಯ ಮಹಾಯುದ್ಧದ ಕಾಲದಲ್ಲಿ ಗ್ಲಾಸ್ಗೋದಲ್ಲಿಯೂ ಅನಂತರ ಬರ್ಮಿಂಗ್‌ಹ್ಯಾಮಿನಲ್ಲಿಯೂ ಸುಟ್ಟಗಾಯದ ಘಟಕಗಳನ್ನು ಕಟ್ಟಿದ. ಗಾಯಕ್ಕೆ ಪಟ್ಟಿ ಕಟ್ಟುವ ಕೋಣೆಯ ಗಾಳಿಯನ್ನು ಕೂಡ ಶೋಧಿಸಬೇಕೆಂದು ವಾದಿಸಿದ. ಪೆನಿಸಿಲಿನ್ ಬಂದಮೇಲೆ ಸ್ಟ್ರೆಪ್ಟೊಕಾಕಸ್ ಸೋತಿತು. ಅದರ ಜಾಗಕ್ಕೆ ಸ್ಯೂಡೊಮೊನಾಸ್ ಬಂದಿತು. ಇದು ಕೊಳಾಯಿ, ತೊಟ್ಟಿ, ಒದ್ದೆ ನೆಲಗಳಲ್ಲಿ ಬದುಕುವ ಬ್ಯಾಕ್ಟೀರಿಯ. ಪಟ್ಟಿಯ ಬಟ್ಟೆಯನ್ನು ನೀಲಿಹಸಿರಾಗಿಸುತ್ತದೆ. ಆರೋಗ್ಯವಂತರಿಗೆ ಇದು ಹೆಚ್ಚಿನ ಹಾನಿ ಮಾಡುವುದಿಲ್ಲ. ಗಮನಿಸಬೇಕಾದುದು ಇಲ್ಲಿಯೇ. ಸಾಧು ಸ್ವಭಾವದ ರೋಗಾಣುವೊಂದು ಸುಟ್ಟ ರೋಗಿಯನ್ನು ಮಾತ್ರ ಕೊಲ್ಲುತ್ತದೆಂದರೆ, ಕಾರಣವನ್ನು ರೋಗಾಣುವಿನಲ್ಲಿ ಹುಡುಕಿದರೆ ಸಾಲದು.

ಅಮೆರಿಕದ ಟೆಕ್ಸಾಸಿನ ಫೋರ್ಟ್ ಸ್ಯಾಮ್ ಹ್ಯೂಸ್ಟನ್‌ನಲ್ಲಿದ್ದ ಸೇನಾ ಶಸ್ತ್ರವೈದ್ಯ ಸಂಶೋಧನಾ ಘಟಕದವರು 1964ರ ಸುಮಾರಿಗೆ ಈ ಪ್ರಶ್ನೆಯ ಒಂದು ಭಾಗವನ್ನು ಬಿಡಿಸಿದರು. ಸುಟ್ಟು ಸತ್ತ ಚರ್ಮದ ಪದರಕ್ಕೆ ರಕ್ತಸಂಚಾರವಿಲ್ಲ. ರಕ್ತವಿಲ್ಲದೆಡೆಗೆ ಬಿಳಿಯ ಕಣಗಳಾಗಲಿ, ಪ್ರತಿಕಾಯಗಳಾಗಲಿ, ಸೂಜಿಯ ಮೂಲಕ ಕೊಟ್ಟ ಔಷಧಿಯಾಗಲಿ ತಲಪುವುದಿಲ್ಲ. ರೋಗಾಣುಗಳ ಪಾಲಿಗೆ ಅದು ಕಾವಲಿಲ್ಲದ ಕಣಜ. ಅಲ್ಲಿ ಬೆಳೆದು, ಒಂದು ಗ್ರಾಂ ಅಂಗಾಂಶಕ್ಕೆ ಒಂದು ಲಕ್ಷವನ್ನು ಮೀರಿದಾಗ ಅವು ಕೆಳಗಿನ ಜೀವಂತ ಭಾಗಕ್ಕೆ ನುಗ್ಗುತ್ತವೆ. ಇದರ ಫಲವಾಗಿ ಗಾಯದ ಮೇಲೆಯೇ ಲೇಪಿಸುವ ಮುಲಾಮುಗಳು ಬಂದವು. ಮೆಫೆನೈಡ್, ಶೇ. 0.5ರ ಸಿಲ್ವರ್ ನೈಟ್ರೇಟ್, 1968ರಲ್ಲಿ ಚಾರ್ಲ್ಸ್ ಫಾಕ್ಸ್ ರೂಪಿಸಿದ ಸಿಲ್ವರ್ ಸಲ್ಫಾಡಯಾಜಿನ್. ಇವುಗಳಲ್ಲಿ ಕೊನೆಯದು ನಮ್ಮ ತಾಲ್ಲೂಕು ಆಸ್ಪತ್ರೆಗಳ ಔಷಧಿ ಕಪಾಟಿನಲ್ಲಿಯೂ ಇರುವ ಬಿಳಿಯ ಮುಲಾಮು. ಸಾವುಗಳು ಇಳಿದವು. ಆದರೂ ಗಾಯದಿಂದ ದೂರವಾದ ಶ್ವಾಸಕೋಶದಲ್ಲಿ, ರಕ್ತದಲ್ಲಿ ಸೋಂಕು ಕಾಣಿಸಿಕೊಳ್ಳುತ್ತಲೇ ಇತ್ತು. ಬೇಲಿ ಮುರಿದಿದೆ ಎಂಬ ವಿವರಣೆ ಮಾತ್ರ ಇದಕ್ಕೆ ಸಾಲುತ್ತಿರಲಿಲ್ಲ.

ಎರಡು ಚರ್ಮಕಸಿಗಳು

ಉತ್ತರ ಬಂದುದು ಅನಿರೀಕ್ಷಿತವಾದ ದಿಕ್ಕಿನಿಂದ, ಚರ್ಮಕಸಿಯಿಂದ. ಈ ಭಾಗವನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ರೋಗನಿರೋಧ ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಇದರ ಮೊದಲರ್ಧವನ್ನು ಮಾತ್ರ ಹೇಳಿ ಮುಗಿಸುವ ರೂಢಿಯಿದೆ.

1940ರ ಬೇಸಗೆಯಲ್ಲಿ ಆಕ್ಸ್‌ಫರ್ಡಿನಲ್ಲಿ ಪ್ರಾಣಿಶಾಸ್ತ್ರಜ್ಞ ಪೀಟರ್ ಮೆಡವಾರ್‌ನ ಮನೆಯ ಸಮೀಪ ಯುದ್ಧವಿಮಾನವೊಂದು ಬಿದ್ದು ಅದರ ಯೋಧ ತೀವ್ರವಾಗಿ ಸುಟ್ಟುಹೋದ. ಮತ್ತೊಬ್ಬರ ಚರ್ಮವನ್ನು ಇವನಿಗೆ ಹೊದಿಸಲು ಏಕೆ ಸಾಧ್ಯವಿಲ್ಲ ಎಂಬ ಪ್ರಶ್ನೆ ಮೆಡವಾರ್‌ನನ್ನು ಹಿಡಿದುಕೊಂಡಿತು. ಅವನು ಗ್ಲಾಸ್ಗೋದ ಸುಟ್ಟಗಾಯ ಘಟಕಕ್ಕೆ ಹೋಗಿ ಶಸ್ತ್ರವೈದ್ಯ ಥಾಮಸ್ ಗಿಬ್ಸನ್‌ನೊಂದಿಗೆ ಕೆಲಸ ಮಾಡಿದ. ಅಲ್ಲಿ ಸುಟ್ಟಗಾಯವಾಗಿದ್ದ ಯುವತಿಯೊಬ್ಬಳಿಗೆ ಅವಳದೇ ಚರ್ಮದ ಚೂರುಗಳನ್ನೂ ಅವಳ ಸಹೋದರನ ಚರ್ಮದ ಚೂರುಗಳನ್ನೂ ಹಚ್ಚಿದರು. ಅವಳದು ಉಳಿಯಿತು, ಸಹೋದರನದು ಉದುರಿತು. ಎರಡನೆಯ ಸಲ ಸಹೋದರನ ಚರ್ಮ ಹಚ್ಚಿದಾಗ ಅದು ಮೊದಲ ಸಲಕ್ಕಿಂತ ಬೇಗ ಉದುರಿತು. ದೇಹ ಪರಕೀಯವನ್ನು ಗುರುತಿಸುತ್ತದೆ, ನೆನಪಿಡುತ್ತದೆ, ಎರಡನೆಯ ಬಾರಿ ಹೆಚ್ಚು ಚುರುಕಾಗಿ ಹೊರದಬ್ಬುತ್ತದೆ ಎಂಬ ಅರ್ಥ ಇದರಲ್ಲಿತ್ತು. 1943ರಲ್ಲಿ ಪ್ರಕಟವಾದ ಈ ಪ್ರಬಂಧದಿಂದ ಅಂಗಕಸಿ ವಿಜ್ಞಾನ ಹುಟ್ಟಿತೆನ್ನಬಹುದು. ಈ ದಾರಿಯ ಮುಂದಿನ ಕೆಲಸಕ್ಕಾಗಿ ಮೆಡವಾರ್ 1960ರಲ್ಲಿ ಮ್ಯಾಕ್‌ಫರ್ಲೇನ್ ಬರ್ನೆಟ್‌ನೊಡನೆ ನೊಬೆಲ್ ಪಾರಿತೋಷಕ ಪಡೆದ.

ಉಳಿದರ್ಧ ಇಷ್ಟು ಪ್ರಸಿದ್ಧವಲ್ಲ. ಮೈಯ ಬಹುಭಾಗ ಸುಟ್ಟ ರೋಗಿಗಳ ಮೇಲೆ ಹಚ್ಚಿದ ಪರರ ಚರ್ಮ ನಿರೀಕ್ಷೆಗಿಂತ ಹೆಚ್ಚು ದಿನ ಉಳಿಯುತ್ತದೆ ಎಂಬ ಬಿಡಿ ವರದಿಗಳು 1950ರ ದಶಕದಲ್ಲಿ ಬರತೊಡಗಿದ್ದವು. ನ್ಯೂಯಾರ್ಕಿನ ಫೆಲಿಕ್ಸ್ ರಾಪಪೋರ್ಟ್, ಜಾನ್ ಕಾನ್ವರ್ಸ್ ಮತ್ತು ಸಂಗಡಿಗರು ಇದನ್ನು ಕ್ರಮಬದ್ಧವಾಗಿ ಪರೀಕ್ಷಿಸಿ 1964ರಲ್ಲಿ ವರದಿ ಮಾಡಿದರು. ಗಾಯ ತೀವ್ರವಾಗಿದ್ದವರಲ್ಲಿ ಪರಕೀಯ ಚರ್ಮದ ನಿರಾಕರಣೆ ತಡವಾಗುತ್ತಿತ್ತು. ಗ್ಲಾಸ್ಗೋದಲ್ಲಿ ಕಂಡ ಶಕ್ತಿ ನ್ಯೂಯಾರ್ಕಿನ ರೋಗಿಗಳಲ್ಲಿ ಕುಂದಿತ್ತು. ಮೊದಲಿನ ಪ್ರಬಂಧ ಆ ಶಕ್ತಿ ಏನೆಂಬುದನ್ನು ತಿಳಿಸಿದ್ದರಿಂದಲೇ ಎರಡನೆಯದರಲ್ಲಿ ಅದರ ಅಭಾವವನ್ನು ಗುರುತಿಸಲು ಸಾಧ್ಯವಾಯಿತು. ಎರಡಕ್ಕೂ ಆಧಾರ ಸುಟ್ಟ ಮನುಷ್ಯರ ಮೈ. ಪರಕೀಯ ಚರ್ಮವನ್ನು ತಳ್ಳಲಾರದ ದೇಹ ಪರಕೀಯ ರೋಗಾಣುವನ್ನು ಹೇಗೆ ತಳ್ಳೀತು?

ಈ ಚರಿತ್ರೆಯಲ್ಲಿ ಒಂದು ವಿಚಿತ್ರ ತಿರುವೂ ಇದೆ. 1974ರಲ್ಲಿ ಬಾಸ್ಟನ್ನಿನ ಜಾನ್ ಬರ್ಕ್ ಮತ್ತು ಸಂಗಡಿಗರು, ಸ್ವಂತ ಚರ್ಮ ಸಾಲದಷ್ಟು ಸುಟ್ಟ ಮಕ್ಕಳಿಗೆ ರೋಗನಿರೋಧವನ್ನು ಇನ್ನಷ್ಟು ತಗ್ಗಿಸುವ ಔಷಧಿಗಳನ್ನೇ ಕೊಟ್ಟು, ಇತರರ ಚರ್ಮ ಹೆಚ್ಚು ಕಾಲ ನಿಲ್ಲುವಂತೆ ಮಾಡಿದರು. ರೋಗಾಣುರಹಿತ ಗಾಳಿಯ ಆವರಣದಲ್ಲಿಟ್ಟು ನಡೆಸಿದ ಸಾಹಸ ಅದು. ತೆರೆದ ಗಾಯವೇ ಹೆಚ್ಚಿನ ಶತ್ರು, ಅದು ಮುಚ್ಚಿದರೆ ಉಳಿದದ್ದು ಸರಿಹೋದೀತು ಎಂಬುದು ಅವರ ಲೆಕ್ಕ. ಬೇರೆಡೆ ಇದನ್ನು ಅನುಸರಿಸುವುದು ಸುಲಭವಾಗಿರಲಿಲ್ಲ.

ನುಂಗಿಯೂ ಕೊಲ್ಲಲಾರದ ಕಣಗಳು

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಈ ದೌರ್ಬಲ್ಯ ಎಲ್ಲೆಲ್ಲಿದೆ ಎಂಬ ಶೋಧ ನಡೆಯಿತು. 1969ರಲ್ಲಿ ಸ್ವೀಡನ್ನಿನ ಆರ್ಟುರ್ಸನ್ ಮತ್ತು ಸಂಗಡಿಗರು ತೀವ್ರವಾಗಿ ಸುಟ್ಟವರ ರಕ್ತದಲ್ಲಿ ಪ್ರತಿಕಾಯಗಳ ಪ್ರಮಾಣ ಕುಸಿಯುವುದನ್ನು ದಾಖಲಿಸಿದರು. ನೀರಿನೊಂದಿಗೆ ಅವೂ ನಾಳಗಳಿಂದ ಸೋರಿಹೋಗುತ್ತವೆ ಎಂಬುದು ಇದಕ್ಕೆ ಒಂದು ಕಾರಣ. ಅಮೆರಿಕದ ವೆಸ್ಲಿ ಅಲೆಕ್ಸಾಂಡರ್ 1970ರ ಸುಮಾರಿನಲ್ಲಿ ಕೀವಿನ ಮುಖ್ಯ ಕಣವಾದ ನ್ಯೂಟ್ರೋಫಿಲ್‌ಗಳನ್ನು ಪರೀಕ್ಷಿಸಿದ. ಅವು ರೋಗಾಣುಗಳನ್ನು ನುಂಗುತ್ತಿದ್ದವು, ಆದರೆ ನುಂಗಿದ್ದನ್ನು ಕೊಲ್ಲುತ್ತಿರಲಿಲ್ಲ. ಕೊಲ್ಲುವ ಶಕ್ತಿ ಕುಂದುವುದಕ್ಕೂ ರೋಗಿ ರಕ್ತದ ಸೋಂಕಿಗೆ ತುತ್ತಾಗುವುದಕ್ಕೂ ಸಂಬಂಧ ಕಂಡುಬಂದಿತು. ಕಣಗಳ ಎಣಿಕೆ ಸಹಜವಾಗಿದ್ದರೂ, ಕೆಲವೊಮ್ಮೆ ಹೆಚ್ಚಾಗಿದ್ದರೂ, ಅವುಗಳನ್ನು ನಂಬುವಂತಿಲ್ಲ ಎಂಬ ಅರಿವು ಇದರಿಂದ ಬಂತು.

1979ರಲ್ಲಿ ಮಿಲ್ಲರ್ ಮತ್ತು ಬೇಕರ್, ಸುಟ್ಟ ರೋಗಿಗಳ ರಕ್ತದಲ್ಲಿ ಇತರ ಲಿಂಫೋಸೈಟ್‌ಗಳ ಚಟುವಟಿಕೆಯನ್ನು ಅದುಮುವ ಕಣಗಳಿರುವುದನ್ನು ವರದಿ ಮಾಡಿದರು. 1984ರಲ್ಲಿ ಬಾಸ್ಟನ್ನಿನ ವುಡ್, ಮ್ಯಾನಿಕ್ ಮತ್ತಿತರರು, ಟಿ ಲಿಂಫೋಸೈಟ್‌ಗಳು ವೃದ್ಧಿಯಾಗಲು ಬೇಕಾದ ಇಂಟರ್‌ಲ್ಯೂಕಿನ್-2 ಎಂಬ ಸಂದೇಶವಸ್ತುವಿನ ಉತ್ಪಾದನೆಯೇ ಈ ರೋಗಿಗಳಲ್ಲಿ ಸಾಲದಾಗುತ್ತದೆಂದು ತೋರಿಸಿದರು. ಈ ಶೋಧಗಳನ್ನು ಜೋಡಿಸಿ ನೋಡಿದರೆ ದೊರೆಯುವ ಚಿತ್ರ ಇದು. ಸುಟ್ಟು ಸತ್ತ ಅಂಗಾಂಶದಿಂದ ಹೊರಬೀಳುವ ವಸ್ತುಗಳು ಇಡೀ ದೇಹದಲ್ಲಿ ಉರಿಯೂತವನ್ನು ಎಬ್ಬಿಸುತ್ತವೆ. ಒತ್ತಡದ ಹಾರ್ಮೋನುಗಳಾದ ಅಡ್ರಿನಲಿನ್, ಕಾರ್ಟಿಸಾಲ್‌ಗಳು ದಿನಗಟ್ಟಲೆ ಏರಿಯೇ ಇರುತ್ತವೆ. ಮ್ಯಾಕ್ರೊಫೇಜ್ ಎಂಬ ದೊಡ್ಡ ಭಕ್ಷಕ ಕಣಗಳು ಪ್ರೊಸ್ಟಗ್ಲಾಂಡಿನ್ ಇ2, ಇಂಟರ್‌ಲ್ಯೂಕಿನ್-10 ಮುಂತಾದ ತಣಿಸುವ ವಸ್ತುಗಳನ್ನು ಸ್ರವಿಸುತ್ತವೆ. ಲಿಂಫೋಸೈಟ್‌ಗಳು ಬಹುಸಂಖ್ಯೆಯಲ್ಲಿ ಸಾಯುತ್ತವೆ. ಬಾರ್ಡೀನ್ ಕಂಡದ್ದು ಇದನ್ನೇ. ಉರಿಯೂತದ ಅಲೆ ಇಳಿದ ಮೇಲೆ ನಿರೋಧದ ಕುಸಿತ ಬರುತ್ತದೆಂದು 1990ರ ದಶಕದಲ್ಲಿ ಭಾವಿಸಲಾಗಿತ್ತು. 2011ರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳು ಕೂಡಿ ಪ್ರಕಟಿಸಿದ ಅಧ್ಯಯನ ಈ ಅನುಕ್ರಮವನ್ನು ತಿದ್ದಿತು. ತೀವ್ರ ಗಾಯವಾದವರ ಬಿಳಿಯ ರಕ್ತಕಣಗಳಲ್ಲಿ ಸುಮಾರು ಶೇ. 80ರಷ್ಟು ವಂಶವಾಹಿಗಳ ಚಟುವಟಿಕೆ ಬದಲಾಗುತ್ತದೆ. ಉರಿಯೂತದವು ಏರುವುದೂ ನಿರೋಧದವು ಇಳಿಯುವುದೂ ಒಟ್ಟೊಟ್ಟಿಗೆ ಮೊದಲ ದಿನವೇ ಆರಂಭವಾಗುತ್ತವೆ ಎಂದು ಅದು ತೋರಿಸಿತು. ಹಾಗಿದ್ದಮೇಲೆ, ಮನೆಯವರು 'ಗಂಡಾಂತರ ಕಳೆಯಿತು' ಎಂದುಕೊಳ್ಳುವ ಆ ಶಾಂತ ದಿನಗಳಲ್ಲಿ ಕುಸಿತ ಆಗಲೇ ನಡೆದಿರುತ್ತದೆ.

ಹಳೆಯ ವಿಷವಾದಿಗಳು ಪೂರ್ತಿ ತಪ್ಪಿದ್ದರೆ? ಸ್ವಿಟ್ಸರ್ಲೆಂಡಿನ ಆಲ್ಗೋವರ್ ಮತ್ತು ಶೋನೆನ್‌ಬರ್ಗರ್ ಸುಟ್ಟ ಚರ್ಮದಿಂದ ಕೊಬ್ಬು-ಪ್ರೋಟೀನ್ ಸಂಯುಕ್ತವೊಂದನ್ನು ಬೇರ್ಪಡಿಸಿ, ಅದಕ್ಕೆ ವಿಷಗುಣವಿದೆಯೆಂದು ದಶಕಗಳ ಕಾಲ ಸಾಧಿಸುತ್ತ ಬಂದರು. ಸತ್ತ ಅಂಗಾಂಶವೇ ದೇಹದಾದ್ಯಂತದ ಕೋಲಾಹಲಕ್ಕೆ ಮೂಲ ಎಂಬ ಇಂದಿನ ತಿಳಿವಳಿಕೆಯಲ್ಲಿ ಅವರ ಮಾತಿನ ಸ್ವಲ್ಪ ಅಂಶ ಉಳಿದುಕೊಂಡಿದೆ ಎಂದೇ ಈ ಲೇಖಕನ ಅಭಿಪ್ರಾಯ. 'ನಂಜು' ಎಂಬ ಪದದ ಎರಡೂ ಅರ್ಥಗಳಿಗೆ ಹೀಗೆ ಎಡೆ ದೊರೆಯಿತು.

ದೆಹಲಿಯ ಪ್ರಯೋಗ

ಈ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಭಾರತದಲ್ಲಿ ನಡೆದಿದೆ. ನಮ್ಮಲ್ಲಿ ಅದರ ಉಲ್ಲೇಖ ವಿರಳ. ಬರ್ಮಿಂಗ್‌ಹ್ಯಾಮಿನ ರೋಡರಿಕ್ ಜೋನ್ಸ್ ಮತ್ತು ಎರಿಲ್ ರೋ ಸ್ಯೂಡೊಮೊನಾಸ್‌ನ ಹಲವು ತಳಿಗಳ ವಿರುದ್ಧ ಲಸಿಕೆಯೊಂದನ್ನು ತಯಾರಿಸಿದ್ದರು. ಅದರ ಪರೀಕ್ಷೆ ನಡೆದುದು ನವದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯ ಸುಟ್ಟಗಾಯ ವಿಭಾಗದಲ್ಲಿ, ಜೆ. ಎಲ್. ಗುಪ್ತ ಅವರ ಸಹಯೋಗದಲ್ಲಿ. ಫಲಿತಾಂಶಗಳು 1979 ಮತ್ತು 1980ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದವು. ಲಸಿಕೆ ಪಡೆದವರಲ್ಲಿ ಸಾವು ಕಡಿಮೆಯಾಗಿತ್ತು. ಸುಟ್ಟ ದೇಹದ ನಿರೋಧಶಕ್ತಿ ಪೂರ್ತಿ ಆರಿಹೋಗಿರುವುದಿಲ್ಲ, ಸರಿಯಾದ ಸಮಯದಲ್ಲಿ ಎಬ್ಬಿಸಿದರೆ ಅದು ಪ್ರತಿಕಾಯಗಳನ್ನು ತಯಾರಿಸಬಲ್ಲದು ಎಂಬುದಕ್ಕೆ ಇದು ದೊಡ್ಡ ಪುರಾವೆ. ಆದರೂ ಈ ಲಸಿಕೆ ನಿತ್ಯದ ಬಳಕೆಗೆ ಬರಲಿಲ್ಲ. ವಾರ್ಡುಗಳಲ್ಲಿ ರೋಗಾಣುಗಳ ಸರದಿ ಬದಲಾಗುತ್ತ ಹೋದುದು, ಕ್ಲೆಬ್ಸಿಯೆಲ್ಲ, ಅಸಿನೆಟೊಬ್ಯಾಕ್ಟರ್, ಔಷಧಿಗೆ ಬಗ್ಗದ ಸ್ಟಾಫಿಲೊಕಾಕಸ್‌ಗಳು ಬಂದುದು, ಒಂದೇ ಶತ್ರುವಿನ ವಿರುದ್ಧದ ಲಸಿಕೆಯ ಬೆಲೆಯನ್ನು ತಗ್ಗಿಸಿತು. ದೆಹಲಿಯ ರೋಗಿಗಳ ಮೇಲೆ ಪರೀಕ್ಷಿತವಾದ ಒಂದು ಔಷಧಿ ದೆಹಲಿಯ ರೋಗಿಗಳಿಗೆ ಉಳಿಯದೆ ಹೋದುದು ಯೋಚಿಸಬೇಕಾದ ವಿಷಯ.

ವಾರ್ಡಿನಲ್ಲಿ ಆದ ಬದಲಾವಣೆ

ಕುಸಿದ ನಿರೋಧವನ್ನು ಒಂದು ಅಣುವನ್ನು ಕೊಟ್ಟು ಎತ್ತಿ ನಿಲ್ಲಿಸುವ ಪ್ರಯತ್ನಗಳಾವುವೂ ನಿತ್ಯದ ಚಿಕಿತ್ಸೆಯಾಗಿ ನೆಲೆಗೊಳ್ಳಲಿಲ್ಲ. ಫಲ ಕೊಟ್ಟವು ಸರಳವಾದ ಕ್ರಮಗಳು. ಯುಗೊಸ್ಲಾವಿಯದ ಮಾರಿಬೋರ್ ಪಟ್ಟಣದ (ಇಂದಿನ ಸ್ಲೊವೇನಿಯ) ಶಸ್ತ್ರವೈದ್ಯೆ ಝೋರಾ ಯಾಂಜೆಕೊವಿಚ್, ಸತ್ತ ಚರ್ಮ ತಾನಾಗಿ ಕಳಚುವವರೆಗೆ ಕಾಯದೆ ಮೊದಲ ದಿನಗಳಲ್ಲಿಯೇ ಅದನ್ನು ಪದರ ಪದರವಾಗಿ ಹೆರೆದು ತೆಗೆದು ಕೂಡಲೇ ಕಸಿ ಹಚ್ಚುವ ಕ್ರಮವನ್ನು 1970ರಲ್ಲಿ ಪ್ರಕಟಿಸಿದಳು. ದೊಡ್ಡ ಕೇಂದ್ರಗಳು ಮಾಡಲಂಜಿದ್ದ ಕೆಲಸ ಸಣ್ಣ ಊರಿನ ಆಸ್ಪತ್ರೆಯಿಂದ ಹೊರಟಿತು. ಕೋಲಾಹಲದ ಮೂಲವನ್ನೇ ತೆಗೆಯುವುದು ಇದರ ಸಾರವೆಂದು ಈಗ ತಿಳಿಯುತ್ತದೆ. 1980ರಲ್ಲಿ ಅಲೆಕ್ಸಾಂಡರ್ ಮತ್ತು ಸಂಗಡಿಗರು, ಹೆಚ್ಚು ಪ್ರೋಟೀನ್ ಕೊಟ್ಟು ಸಾಕಿದ ಸುಟ್ಟ ಮಕ್ಕಳಲ್ಲಿ ರಕ್ತದ ನಿರೋಧಕ ಅಂಶಗಳು ಉತ್ತಮವಾಗಿದ್ದುದನ್ನೂ ಹೆಚ್ಚು ಮಕ್ಕಳು ಬದುಕಿದುದನ್ನೂ ತೋರಿಸಿದರು. ಅದೇ ದಶಕದಲ್ಲಿ ಎಡ್ವಿನ್ ಡೈಚ್ ಮೊದಲಾದವರ ಕೆಲಸದಿಂದ, ಸುಟ್ಟ ರೋಗಿಯ ಕರುಳಿನ ಗೋಡೆ ಸಡಿಲವಾಗಿ ಅದರ ತಡೆ ಕುಂದುವುದು ತಿಳಿಯಿತು. ಅಂದಿನಿಂದ ಮೊದಲ ದಿನವೇ ಬಾಯಿಯ ಅಥವಾ ನಳಿಕೆಯ ಮೂಲಕ ಆಹಾರ ಕೊಡುವುದು ರೂಢಿಯಾಯಿತು. ಸುಟ್ಟವರಿಗೆ ತೆಳು ಗಂಜಿ ಮಾತ್ರ ಕೊಡಬೇಕು, ಮೊಟ್ಟೆ, ಬೇಳೆ, ಹಾಲು ಕೀವಿಗೆ ಕಾರಣವೆಂಬ ಪಥ್ಯದ ನಂಬಿಕೆ ನಮ್ಮ ಮನೆಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದೆ. ಇದು ನಿರುಪದ್ರವಿ ನಂಬಿಕೆಯಲ್ಲ.

ಪರರ ಚರ್ಮವನ್ನು ಬಹುಬೇಗ ತಳ್ಳಲಾರದ ಆ ದೌರ್ಬಲ್ಯವೇ ಇನ್ನೊಂದು ಕಡೆ ಉಪಕಾರವಾಯಿತು. ಮೃತರು ದಾನ ಮಾಡಿದ ಚರ್ಮವನ್ನು ಗಾಯಕ್ಕೆ ಹೊದಿಸಿದರೆ ತೀವ್ರ ಸುಟ್ಟ ರೋಗಿಯಲ್ಲಿ ಅದು ಕೆಲವು ವಾರ ನಿಲ್ಲುತ್ತದೆ. ಅಷ್ಟರಲ್ಲಿ ಸ್ವಂತ ಚರ್ಮದ ಕಸಿಗೆ ಕಾಲಾವಕಾಶ ದೊರೆಯುತ್ತದೆ. ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ 2000ದಲ್ಲಿ ಚರ್ಮನಿಧಿಯೊಂದು ಆರಂಭವಾಯಿತು. ಕರ್ನಾಟಕದಲ್ಲಿ, 1900ರಲ್ಲಿ ಆರಂಭವಾದ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಮಹಾಬೋಧಿ ಸುಟ್ಟಗಾಯ ವಿಭಾಗ ಬಹುಕಾಲದಿಂದ ಸುತ್ತಲಿನ ಜಿಲ್ಲೆಗಳ ರೋಗಿಗಳ ಆಸರೆ. ಆ ಆಸ್ಪತ್ರೆಯಲ್ಲಿ 2016ರಲ್ಲಿ ಚರ್ಮನಿಧಿ ಸ್ಥಾಪಿತವಾಯಿತು. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ಉರಿದು ತೊಂಬತ್ತಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಸತ್ತಾಗ ಇಂತಹ ವ್ಯವಸ್ಥೆ ಆ ನಗರದಲ್ಲಿ ಇರಲಿಲ್ಲ.

ನ್ಯಾಯಾಲಯದ ಕಟಕಟೆಯಲ್ಲಿ

ಇದುವರೆಗಿನ ಚರಿತ್ರೆ ಪ್ರಯೋಗಾಲಯದ ಮಾತು ಮಾತ್ರವಾಗಿದ್ದರೆ ಇದನ್ನು ವೈದ್ಯರಿಗೇ ಬಿಡಬಹುದಾಗಿತ್ತು. ಆದರೆ ನಮ್ಮಲ್ಲಿ ಸುಟ್ಟು ಸಾಯುವವರಲ್ಲಿ ತರುಣ ವಯಸ್ಸಿನ ಗೃಹಿಣಿಯರು ಬಹಳ. ಸಾವು ಆಕಸ್ಮಿಕವೋ, ಆತ್ಮಹತ್ಯೆಯೋ, ಕೊಲೆಯೋ ಎಂಬುದು ನ್ಯಾಯಾಲಯದ ಮುಂದೆ ಬರುತ್ತದೆ. 1986ರಲ್ಲಿ ಭಾರತೀಯ ದಂಡ ಸಂಹಿತೆಗೆ ಸೇರಿದ 304-ಬಿ ಕಲಮು, ಮದುವೆಯಾದ ಏಳು ವರ್ಷಗಳೊಳಗೆ ಸುಟ್ಟಗಾಯದಿಂದಾಗುವ ಸಾವನ್ನು ಹೆಸರಿಟ್ಟೇ ಹೇಳಿತು. ಇಂತಹ ಪ್ರಕರಣಗಳಲ್ಲಿ ಪ್ರತಿವಾದಿ ಪಕ್ಷದಿಂದ ಆಗಾಗ ಬರುವ ವಾದವೊಂದಿದೆ: ಆಕೆ ಸತ್ತದ್ದು ಬೆಂಕಿಯಿಂದಲ್ಲ, ದಿನಗಳ ನಂತರ ಆಸ್ಪತ್ರೆಯಲ್ಲಿ ತಗಲಿದ ಸೆಪ್ಟಿಸೀಮಿಯಾದಿಂದ. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹದೊಂದು ಪ್ರಕರಣದಲ್ಲಿ ಕೊಲೆಯ ಅಪರಾಧವನ್ನು ಕೊಲೆಯಲ್ಲದ ನರಹತ್ಯೆಯ ಅಪರಾಧಕ್ಕೆ ಇಳಿಸಿದಾಗ, ಸಾವು ದಿನಗಳ ನಂತರ ಸೆಪ್ಟಿಸೀಮಿಯಾದಿಂದ ಸಂಭವಿಸಿದ್ದೂ ಪರಿಗಣಿತವಾದ ಸಂಗತಿಗಳಲ್ಲಿ ಒಂದಾಗಿತ್ತು. 2023ರಲ್ಲಿ, ಬೇರೊಂದು ಬಗೆಯ ಗಾಯದ ಪ್ರಕರಣದಲ್ಲಿ, ಸಾವು ತಡವಾಯಿತೆಂಬುದರಿಂದಲೇ ಹೊಣೆ ತಗ್ಗುವುದಿಲ್ಲವೆಂದು ಅದೇ ನ್ಯಾಯಾಲಯ ಹೇಳಿದೆ. ಗಾಯ ಮಾಡಿದವನೇ ಸಾವಿಗೆ ಕಾರಣ, ಸರಿಯಾದ ಚಿಕಿತ್ಸೆಯಿಂದ ಸಾವನ್ನು ತಪ್ಪಿಸಬಹುದಾಗಿದ್ದರೂ ಕೂಡ, ಎಂಬ ವಿವರಣೆ ದಂಡ ಸಂಹಿತೆಯ 299ನೆಯ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 100ನೆಯ ಕಲಮಿನಲ್ಲಿಯೂ ಅದು ಉಳಿದಿದೆ.

ಉದ್ದೇಶ, ತಿಳಿವು ಇವುಗಳನ್ನು ಕುರಿತ ನಿರ್ಣಯ ನ್ಯಾಯಾಧೀಶರದು. ಕಾರಣವನ್ನು ಕುರಿತಂತೆ ಮಾತ್ರ ವೈದ್ಯಕೀಯ ಚರಿತ್ರೆಗೆ ಹೇಳುವುದಿದೆ. ರಕ್ತದ ಸೋಂಕು ಬೆಂಕಿಗೂ ಸಾವಿಗೂ ನಡುವೆ ಹೊರಗಿನಿಂದ ಬಂದು ನಿಂತ ಮೂರನೆಯ ಘಟನೆ ಎಂಬ ಕಲ್ಪನೆ ಕೋಲ್‌ಬ್ರುಕ್‌ನ ಕಾಲದ್ದು. ಗಾಯವಾದ ಮೊದಲ ದಿನವೇ ನಿರೋಧಶಕ್ತಿ ಇಳಿಯುತ್ತದೆಂದು ತಿಳಿದ ಮೇಲೆ ಅದನ್ನು ಹಾಗೆಯೇ ಹಿಡಿದುಕೊಳ್ಳುವುದು ಕಷ್ಟ. ಮರಣಕಾರಣದ ವೈದ್ಯಕೀಯ ಪ್ರಮಾಣಪತ್ರದಲ್ಲಿ ಕೂಡಲೇ ಸಾವಿಗೆ ಕಾರಣವಾದುದನ್ನು ಬರೆಯಲು ಒಂದು ಸಾಲೂ, ಅದಕ್ಕೆ ಹಿಂದಿನ ಮೂಲ ಕಾರಣವನ್ನು ಬರೆಯಲು ಅದರ ಕೆಳಗೆ ಇನ್ನೊಂದು ಸಾಲೂ ಇರುತ್ತವೆ. ಮೇಲಿನ ಸಾಲಿನಲ್ಲಿ 'ಸೆಪ್ಟಿಸೀಮಿಯಾ' ಎಂದು ಬರೆದು ಕೆಳಗಿನದನ್ನು ಖಾಲಿ ಬಿಟ್ಟ ಪ್ರಮಾಣಪತ್ರ, ಮನೆಯವರ ಕೈಯಲ್ಲಿಯೂ ವಕೀಲರ ಕೈಯಲ್ಲಿಯೂ ಬೇರೆಯೇ ಕಥೆಯೊಂದನ್ನು ಹೇಳುತ್ತದೆ. ಆ ಕೆಳಗಿನ ಸಾಲಿನಲ್ಲಿ ಸುಟ್ಟಗಾಯವನ್ನು, ಅದರ ಶೇಕಡಾವಾರು ಪ್ರಮಾಣ ಮತ್ತು ಆಳದೊಂದಿಗೆ, ಬರೆಯತಕ್ಕದ್ದು.